ಖಾನಾಪುರಕ್ಕೆ ಒಯ್ದ ಸುದ್ದಿ

ಧಾರವಾಡದಿಂದ ಬೆಳಗಾವಿಗೆ ಬೆಳಗಿನ ಬಸ್ಸು ಹತ್ತಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಿತ್ತೂರು ದಾಟುವವರೆಗೂ ಕಿಟಕಿ ತೆರೆಯಲು ಯಾರೂ ಒಪ್ಪಲಿಲ್ಲ. ಕನ್ನಡ, ಮರಾಠಿಯ ಕೋರ್ಟು ಕಾಗದಗಳನ್ನು ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಅದಕ್ಕಾಗಿ ಊರು ಬಿಡಬೇಕಾಗಿ ಬಂದದ್ದು ಕಡಿಮೆ. ಆದರೆ ಹಿಂದಿನ ದಿನ ಬೆಳಗಾವಿಯ ವಕೀಲೆ ಸುಮಂಗಲಾ ಫೋನ್ ಮಾಡಿ, “ಯಲ್ಲವ್ವಗ ಸುದ್ದಿ ಮುಟ್ಟಸಬೇಕ್ರಿ. ನನಗ ಕೋರ್ಟು ಬಿಟ್ಟು ಹೋಗಾಕ ಆಗೂದಿಲ್ಲ. ನೀವ ಹೋದ್ರ ಆಕಿಗೂ ಧೈರ್ಯ” ಎಂದಿದ್ದರು.

ಯಲ್ಲವ್ವ ಖಾನಾಪುರದ ಹತ್ತಿರದ ಹಳ್ಳಿಯವಳು, ಕುರಿ ಸಾಕುವವರ ಮನೆಯ ಮಗಳು. ಕೊಲ್ಲಿ ದೇಶದಲ್ಲಿ ಮನೆಗೆಲಸ ಕೊಡಿಸುತ್ತೇನೆಂದು ಒಬ್ಬ ವಿದೇಶಿ ದಲ್ಲಾಳಿ ಅವಳನ್ನು ಕರೆದೊಯ್ದಿದ್ದ. ವಿಮಾನ ಇಳಿದ ಕೂಡಲೇ ಪಾಸ್‌ಪೋರ್ಟ್ ಕಸಿದುಕೊಂಡು ಒಂದು ಮನೆಗೆ ಮಾರಿದ. ಆ ಮನೆಯವರು ಇನ್ನೊಂದು ಮನೆಗೆ ಮಾರಿದರು. ಪಕ್ಕದ ಮನೆಯ ಅಡುಗೆಯವಳು, ಕೇರಳದವಳು, ಹೇಗೋ ಅವಳನ್ನು ನಮ್ಮ ರಾಯಭಾರ ಕಚೇರಿಗೆ ಮುಟ್ಟಿಸಿದ್ದರಿಂದ ಅವಳು ಊರು ಕಂಡಳು. ಕೆಲವು ತಿಂಗಳ ಹಿಂದೆ ಸುಮಂಗಲಾ ಅವರೆದುರು ಅವಳು ಕೊಟ್ಟ ಹೇಳಿಕೆಯನ್ನು ಅನುವಾದಿಸಿದವಳು ನಾನು. ಮನೆಯಲ್ಲಿ ಮಾತ್ರ ಅವಳು ಏನೂ ಹೇಳಿರಲಿಲ್ಲ.

ಬೆಳಗಾವಿಯ ರಾಮತೀರ್ಥ ನಗರದ ತಮ್ಮ ಮನೆಯಲ್ಲಿ ಸುಮಂಗಲಾ ಅವಲಕ್ಕಿ, ಚಹಾ ಕೊಟ್ಟು ವಿಷಯ ಬಿಡಿಸಿ ಹೇಳಿದರು. ಯಲ್ಲವ್ವನನ್ನು ಒಯ್ದು ಮಾರಿದ ಆ ಮನುಷ್ಯ ತನ್ನ ಸಂಪತ್ತನ್ನೆಲ್ಲ ಪಶ್ಚಿಮದ ಒಂದು ದೇಶದಲ್ಲಿ ಇಟ್ಟಿದ್ದ. ಹೊರದೇಶದವರಾದರೂ ಸರಿ, ಮನುಷ್ಯರನ್ನು ಸಾಗಿಸಿ ಮಾರುವವರ ಮೇಲೆ ನಿರ್ಬಂಧ ಹಾಕಲು ಆ ದೇಶದ ಸರ್ಕಾರ ಹೊರಟಿತ್ತು. ಯಲ್ಲವ್ವನಂಥ ಹಲವರ ಹೇಳಿಕೆಗಳ ಮೇಲೆ ಈಗ ಅವನ ಬ್ಯಾಂಕ್ ಖಾತೆಗಳನ್ನು ತಡೆಹಿಡಿದಿದ್ದರು, ಅವನು ಅಲ್ಲಿ ಕಾಲಿಡದಂತೆ ಮಾಡಿದ್ದರು. ಇದು ತಿಳಿದು ನಮ್ಮ ಸರ್ಕಾರವೂ ಅವನಿಗೆ ವೀಸಾ ನಿರಾಕರಿಸಿತ್ತು.

ಖಾನಾಪುರಕ್ಕೆ ಇಪ್ಪತ್ತಾರು ಕಿಲೋಮೀಟರು. ಕಂಡಕ್ಟರು ಒಂದು ಸೀಟಿನವರಿಗೆ ಮರಾಠಿಯಲ್ಲಿ, ಮುಂದಿನ ಸೀಟಿನವರಿಗೆ ಕನ್ನಡದಲ್ಲಿ ಟಿಕೆಟ್ ಕೇಳುತ್ತ ಬಂದ. ಪೀರನವಾಡಿ ದಾಟಿದ ಮೇಲೆ ಮಣ್ಣು ಕೆಂಪಾಗುತ್ತ ಹೋಯಿತು. ಯಲ್ಲವ್ವ ಕೆಲಸ ಮಾಡುವ ಹಂಚಿನ ಭಟ್ಟಿ ಊರಿನ ಆಚೆಗಿತ್ತು. ಹಸಿ ಹಂಚುಗಳನ್ನು ನೆರಳಿಗೆ ಒಟ್ಟುತ್ತಿದ್ದವಳು ನನ್ನನ್ನು ಕಂಡು, ಮಣ್ಣಾದ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು.

ಸುದ್ದಿ ಹೇಳಿದೆ.

“ಹಂಗಂದ್ರ ಅಂವಗ ತನಗ ಬೇಕಾದಲ್ಲಿ ಹೋಗಾಕ ಬರೂದಿಲ್ಲೇನ್ರಿ, ಅಕ್ಕಾರ?”

“ಆ ದೇಶಕ್ಕೂ ಹೋಗಾಂಗಿಲ್ಲ, ನಮ್ಮ ದೇಶಕ್ಕೂ ಬರಾಂಗಿಲ್ಲ.”

“ನನ್ನ ಪಾಸ್‌ಪೋರ್ಟ್ ಕಸಗೊಂಡಾಗ ನನಗೂ ಹಿಂಗ ಆಗಿತ್ರಿ” ಎಂದು ಅವಳು ಮೆಲ್ಲಗೆ ನಕ್ಕಳು. ಮರುಗಳಿಗೆಯಲ್ಲೇ ಅವಳ ಮುಖ ಬದಲಾಯಿತು. “ನನ್ನ ತಂಗಿ ರೇಣುಕಾ ಅಂವನ ಮಂದಿ ಕಡಿಂದನ ಅಲ್ಲಿ ಕೆಲಸಕ್ಕ ಹೊಂಟಾಳ್ರಿ. ಹುಡುಗ್ಯಾರನ್ನ ಆರಿಸಾಕ ಅಂವ ಮುಂದಿನ ವಾರ ಮುಂಬೈಗೆ ಬರತಾನಂತ. ಅಂವ ಬರದಿದ್ರ ಇನ್ನೊಬ್ಬನ ಕಳಸ್ತಾರ. ಮನಿಗೆ ಬರ್ರಿ. ಅಪ್ಪನ ಮುಂದ ನೀವ ಹೇಳ್ರಿ.”

ಮಲಪ್ರಭೆಯ ಸೇತುವೆ ದಾಟಿ, ಗೋಡಂಬಿ ಗಿಡಗಳ ನಡುವಿನ ಕಾಲುಹಾದಿಯಲ್ಲಿ ನಡೆದೆವು. ಅವಳ ತಂದೆ ಭೀಮಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ “ಕುಂದರ್ರಿ” ಎಂದರು. ರೇಣುಕಾ ಬಿಸಿ ಅನ್ನಕ್ಕೆ ಹುರುಳಿಕಟ್ಟಿನ ಸಾರು ಬಡಿಸಿದಳು. ಊಟ ಮುಗಿಸಿ ನಾನು ಬಾಯಿ ತೆರೆಯುವಷ್ಟರಲ್ಲಿ ಯಲ್ಲವ್ವ ನನ್ನ ಕೈ ಹಿಡಿದು ತಡೆದಳು.

“ಅಪ್ಪಾ, ಕೆಲಸ ಮುಗೀತು ಅಂತ ಬಂದ್ನಿ ಅಂದಿದ್ನಲ್ಲ, ಅದು ಖರೇ ಅಲ್ಲ. ಅವರು ನನ್ನ ಮಾರಿದ್ರು.”

ಮುಂದಿನದನ್ನೆಲ್ಲ ಅವಳೇ ಹೇಳಿದಳು, ಹೊರಗಿನಿಂದ ಬೀಗ ಹಾಕುತ್ತಿದ್ದ ಅಡುಗೆಮನೆಯ ಮಾತಿನವರೆಗೆ. ಭೀಮಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಇಷ್ಟ ದಿನ ಯಾಕ ಹೇಳಲಿಲ್ಲವ್ವಾ?”

“ನಿಮಗ ಮಾರಿ ಹೆಂಗ ತೋರಸ್ಲಿ ಅಂತ.”

“ಮಾರಿ ಅಂವ ಮುಚಗೋಬೇಕು. ನೀ ಯಾಕ?” ಎಂದರು ಭೀಮಪ್ಪ. ಅವರು ಎದ್ದು ಕುರಿಹಟ್ಟಿಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಮರಳಿ ಬಂದು ಮಗಳ ತಲೆಯ ಮೇಲೆ ಕೈ ಇಟ್ಟು ನಿಂತರು.

ರೇಣುಕಾ ಅಳುತ್ತಿದ್ದಳು. ಅಕ್ಕನ ನೋವಿಗೂ ಅತ್ತಳು, ವಿಮಾನ ಹತ್ತುವ ಆಸೆ ಮುರಿದದ್ದಕ್ಕೂ ಅತ್ತಳು ಎಂದು ನನಗನಿಸಿತು. “ನಾ ಇಲ್ಲಿ ಏನ ಮಾಡ್ಲಿ?” ಎಂದಳು.

“ಅದನ್ನ ನಾಳಿ ಕೂಡಿ ನೋಡೂಣು” ಎಂದಳು ಯಲ್ಲವ್ವ. “ನಾಳಿ ನೀ ಇಲ್ಲೇ ಇರತೀಯಲ್ಲ.”

ಆ ರಾತ್ರಿ ನನ್ನನ್ನು ಅವರು ಹೋಗಗೊಡಲಿಲ್ಲ. ಬೆಳಿಗ್ಗೆ ಮಂಜು ಕರಗುವ ಮೊದಲೇ ಎಲ್ಲರೂ ಚಹಾಕ್ಕೆ ಕೂತಾಗ, ಬೆಳಗಾವಿಯ ಖಾಸಬಾಗದಲ್ಲಿ ಅವನ ಕೈಗೆ ಸಿಕ್ಕು ಹೀಗೆಯೇ ಮರಳಿದ ಇನ್ನೊಬ್ಬಳಿದ್ದಾಳೆ, ವಕೀಲರು ಹೋದಾಗೆಲ್ಲ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ನಾನು ಹೇಳಿದೆ. ನಾನು ಹೊರಟು ನಿಂತಾಗ ಯಲ್ಲವ್ವ ಬೇರೆ ಸೀರೆಯುಟ್ಟು ಬಂದಿದ್ದಳು. “ಇವತ್ತ ಭಟ್ಟಿಗೆ ರಜಾ ಹಾಕೀನ್ರಿ” ಎಂದಳು. ಭೀಮಪ್ಪ ಬಸ್ಸಿನವರೆಗೆ ಬಂದು ಮಗಳಿಗೆ ಕಿಟಕಿಯ ಪಕ್ಕದ ಜಾಗ ಹಿಡಿದುಕೊಟ್ಟರು.

ಖಾಸಬಾಗದ ಓಣಿಯಲ್ಲಿ ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಬಾಗಿಲು ತಟ್ಟಿದೆವು. ಅರ್ಧ ತೆರೆದ ಬಾಗಿಲ ಸಂದಿಯಲ್ಲಿ ಹೆಂಗಸೊಬ್ಬಳು ನನ್ನನ್ನು ನೋಡಿ ಮುಚ್ಚಹೊರಟಳು. ಯಲ್ಲವ್ವ ಮುಂದೆ ಬಂದಳು.

“ನಾ ಯಲ್ಲವ್ವ. ಖಾನಾಪುರದ ಕಡ್ಯಾಕಿ. ನನ್ನೂ ಅಂವನ ಒಯ್ದಿದ್ದ.”

ಬಾಗಿಲು ಹಾಗೆಯೇ ನಿಂತಿತು. ಒಳಗಿನ ಹೆಂಗಸು ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.

ಯಲ್ಲವ್ವ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ತಿರುಗಿದಳು. “ನೀವು ಹೋಗ್ರಿ ಅಕ್ಕಾರ, ನಿಮ್ಮ ಬಸ್ಸಿಗೆ ತಡ ಆಗ್ತದ. ನಮ್ಮಿಬ್ಬರದು ಮಾತು ಭಾಳ ಐತಿ.”