ನಾಮಿನಿ ಇರೋ ಬೆಕ್ಕು

"ನಿನ್ನ ಹತ್ರ ಕಲಿತಿದೀನಿ ಅಂತ ಯಾರಿಗೂ ಹೇಳ್ಬೇಡ" ಅಂತ ಪಕ್ಕದ್ಮನೆ ಅಂಕಲ್ ಆಣೆ ಹಾಕ್ಸಿದ್ರು. ಜೀವನ್ ಬಿಮಾ ನಗರದ ರಿಟೈರ್ಡ್ ಇನ್ಶೂರೆನ್ಸ್ ಆಫೀಸರ್ರು, ಮೊಮ್ಮಗಳ ಮುಂದೆ ಮಾನ ಉಳಿಸ್ಕೊಳ್ಳೋಕೆ ಮಕ್ಕಳ ಕೋಡಿಂಗ್ ಕಲೀತಿದ್ರು.

ಕಂಪ್ಯೂಟರಲ್ಲಿರೋ ಬೆಕ್ಕನ್ನ ನಡೆಸೋಕೆ ನೀವೇ ಒಂದು ಬ್ಲಾಕ್, ಅಂದ್ರೆ ಏನು ಮಾಡ್ಬೇಕು ಅಂತ ಒಳಗೆ ತುಂಬೋ ಡಬ್ಬಿ, ಮಾಡಿ ಅಂದೆ. ಅದರಲ್ಲಿ ಹೆಸರು, ತಂದೆ ಹೆಸರು, ವಯಸ್ಸು, ನಾಮಿನಿ ಅಂತ ನಾಲ್ಕು ಖಾಲಿ ಜಾಗ ಇಟ್ರು.

"ಬೆಕ್ಕಿಗೆ ನಾಮಿನಿ ಯಾಕೆ ಅಂಕಲ್? ಹತ್ತು ಹೆಜ್ಜೆ ನಡಿ ಅಂತ ಒಳಗೆ ಹಾಕಿ ಸಾಕು."

"ಫಾರಂ ಸರಿಯಿದ್ರೆ ಕೆಲಸ ತಾನಾಗೇ ಆಗುತ್ತಮ್ಮ."

ಅಷ್ಟು ಸರ್ವೀಸ್ ಆದವರ ಮುಂದೆ ನಾನ್ಯಾರು, ಹಾಗೇ ಬಿಟ್ಟೆ.

ಭಾನುವಾರ ನಾನೂ ಅಲ್ಲಿದ್ದಾಗಲೇ ಮೊಮ್ಮಗಳು ಬಂದು, ನಾಲ್ಕೂ ತುಂಬಿ ಒತ್ತಿದ್ಳು. ಬೆಕ್ಕು ಅಲ್ಲಾಡ್ಲಿಲ್ಲ.

"ತಾತ, ಒಳಗೆ ಏನೂ ಹಾಕೇ ಇಲ್ವಲ್ಲ!"

ಕನ್ನಡಕ ತರ್ತೀನಿ ಅಂತ ಅಂಕಲ್ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಕನ್ನಡಕ ಮೂಗಿನ ಮೇಲೇ ಇತ್ತು.

"ಅಂಕಲ್, ಎರಡೇ ನಿಮಿಷದಲ್ಲಿ ಸರಿ ಮಾಡ್ಬೋದು" ಅಂತ ತಟ್ಟಿದೆ. ಒಳಗಿಂದ ಚಿಲಕ ಹಾಕಿದ ಸದ್ದು ಬಂತು.