ಕುತ್ತಿಗೆ ನನ್ನದು, ಗುಣ ಅವಳಿಗೆ

ಈ ಕೊಲ್ಲಿ ದೇಶದ ಹಿದ್ ಬಂದರಿನಲ್ಲಿ ಕ್ರೇನಿನ ಮೇಲೆ ಕೂತು ದಿನವಿಡೀ ಕೆಳಗೆ ನೋಡುವವನಿಗೆ ಕುತ್ತಿಗೆ ನೋಯದೆ ಇನ್ನೇನಾಗುತ್ತದೆ? ಇಲ್ಲಿನ ಅದ್ಲಿಯಾ ಬಡಾವಣೆಯಲ್ಲಿ ಕುತ್ತಿಗೆಯನ್ನು ಟಕ್ಕೆಂದು ತಿರುಗಿಸಿ ಸರಿಮಾಡುವ ಕೈರೋಪ್ರಾಕ್ಟರ್ ಒಬ್ಬರಿದ್ದಾರೆಂದು ಕೇಳಿ, ಹೆಂಡತಿ ಲವೀನಾಳನ್ನು ಕರಕೊಂಡು ಹೋದೆ.

ಅವರು ನನ್ನ ಬೆರಳಿಗೆ ಕ್ಲಿಪ್ ಹಾಕಿ ಎದೆಬಡಿತ ನೋಡಿದರು. ನೂರ ಹತ್ತು. ಲವೀನಾ ತಮಾಷೆಗೆ ತನ್ನ ಬೆರಳನ್ನೂ ಕೊಟ್ಟಳು. ನೂರ ಇಪ್ಪತ್ತು! ಆಮೇಲೆ ಅವರು ನನ್ನ ತಲೆ ಹಿಡಿದು ಒಮ್ಮೆ ತಿರುಗಿಸಿದರು. ಆ ಸದ್ದಿಗೆ ಲವೀನಾ ಶಿಲುಬೆಯ ಗುರುತು ಮಾಡಿಕೊಂಡಳು.

ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ನನ್ನದು ಎಂಬತ್ತು.

“ನೋಡಿದಿರಾ, ಕುತ್ತಿಗೆ ಸರಿಯಾದ ಕೂಡಲೇ ನರಗಳಿಗೆ ಸಮಾಧಾನ, ಹೃದಯಕ್ಕೂ ಸಮಾಧಾನ,” ಎಂದು ಅವರು ಹಿಂದಿಯಲ್ಲಿ ಖುಷಿಯಿಂದ ವಿವರಿಸತೊಡಗಿದರು. ಅಷ್ಟರಲ್ಲಿ ಲವೀನಾ ಮತ್ತೆ ಬೆರಳು ಚಾಚಿದಳು. ಅವಳದೂ ಎಂಬತ್ತಕ್ಕೆ ಇಳಿದಿತ್ತು.

“ನನ್ನ ಕುತ್ತಿಗೆ ನೀವು ಮುಟ್ಟಲೇ ಇಲ್ಲವಲ್ಲ ಡಾಕ್ಟ್ರೇ?” ಎಂದಳು.

ಅವರು ಮೀಟರನ್ನು ಅಲ್ಲಾಡಿಸಿದರು, ಬ್ಯಾಟರಿ ಬದಲಿಸಿದರು. ಆಗಲೂ ಎಂಬತ್ತೇ.

“ಇವರು ಜೀವಸಹಿತ ಎದ್ದು ಕೂತರಲ್ಲ, ಅದಕ್ಕೇ ಇರಬೇಕು,” ಎಂದು ಲವೀನಾಳೇ ಅವರಿಗೆ ಸಮಾಧಾನ ಹೇಳಿದಳು.

ನನ್ನ ನೋವು ಇದ್ದ ಹಾಗೇ ಇತ್ತು. ಮುಂದಿನ ವಾರ ಮತ್ತೆ ಬರಬೇಕೆಂದರು. ಗುಣ ಕಂಡವಳು ನೀನು, ನೀನೇ ಹೋಗಿ ಬಾ ಎಂದೆ.