ಬೆಲ್ಲದ ಜೊತೆ ಕೊಟ್ಟ ನೀರು

ನಾನು ವಸತಿ ಶಾಲೆಯಲ್ಲಿ ಬೆಳೆದವಳು. ಐದಕ್ಕೆ ಗಂಟೆ, ಐದೂವರೆಗೆ ಸ್ನಾನ, ಆರಕ್ಕೆ ಓದು. ಆ ಗಂಟೆ ಈಗಲೂ ನನ್ನೊಳಗೆ ಹೊಡೆಯುತ್ತದೆ. ಮುದ್ದೇಬಿಹಾಳದಲ್ಲೂ ಬಸವನ ಬಾಗೇವಾಡಿಯಲ್ಲೂ ರಸಾಯನಶಾಸ್ತ್ರ ಕಲಿಸಿ, ನಿವೃತ್ತಳಾಗಿ ಸಿಂದಗಿಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡೆ. ಮದುವೆಯಾಗಲಿಲ್ಲ. ವೇಳಾಪಟ್ಟಿ ಎಷ್ಟೇ ಅಚ್ಚುಕಟ್ಟಾಗಿರಲಿ, ಅದರಲ್ಲಿ ಇನ್ನೊಬ್ಬರು ಬರದಿದ್ದರೆ ದಿನ ಬಹಳ ಉದ್ದವೆಂದು ಆಗ ತಿಳಿಯಿತು.

ಅಂಥ ಹೊತ್ತಿನಲ್ಲಿ ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆ ತನ್ನ ಆಡಳಿತ ಮಂಡಳಿಗೆ ನನ್ನನ್ನು ಕರೆಯಿತು. ಸ್ವತಂತ್ರ ನಿರ್ದೇಶಕಿ ಎಂಬ ಹುದ್ದೆ. ಕಂಪನಿಯಲ್ಲಿ ಪಾಲಿಲ್ಲದ, ಮಾಲೀಕರಿಗೆ ಬಂಧುವಲ್ಲದ ಒಬ್ಬರು ಮೇಜಿನ ಬಳಿ ಕೂತು ನೋಡಬೇಕು ಎಂಬುದು ಅದರ ಅರ್ಥ. ಕಾನೂನಿಗೆ ಒಬ್ಬ ಹೆಣ್ಣುಮಗಳೂ ಬೇಕಿತ್ತು. ನನ್ನನ್ನು ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ಸಮಿತಿಗೆ ಹಾಕಿದರು. ಮೂವರ ಸಮಿತಿ. ಅಧ್ಯಕ್ಷರು ನಿವೃತ್ತ ಅಧಿಕಾರಿ, ಇನ್ನೊಬ್ಬರು ಚಡಚಣದ ಕಡೆಯ ದ್ರಾಕ್ಷಿ ವ್ಯಾಪಾರಿ, ಮೂರನೆಯವಳು ನಾನು.

ಸುಳ್ಳು ಯಾಕೆ ಹೇಳಲಿ, ಮೂರು ತಿಂಗಳಿಗೊಮ್ಮೆ ನಾನು ಕಾಯುತ್ತಿದ್ದದ್ದು ಸಭೆಗಲ್ಲ, ಸಭೆಯ ನಂತರದ ಊಟಕ್ಕೆ. ಮಂಡಳಿಯ ಎಂಟು ಮಂದಿ ಒಂದೇ ಮೇಜಿಗೆ ಕೂತು ರೊಟ್ಟಿ ಮುರಿಯುತ್ತಿದ್ದೆವು. ‘ಮೇಡಂ, ಇನ್ನೊಂದು ರೊಟ್ಟಿ ಹಾಕಸ್ಕೋರಿ, ಸಾಲಿ ಬಿಟ್ಟು ಎಷ್ಟ ವರ್ಷಾತು, ಇನ್ನೂ ಅಳತಿ ಮಾಡೇ ಉಣ್ತೀರಲ್ಲ’ ಎಂದು ವ್ಯಾಪಾರಿ ಕೆಣಕುತ್ತಿದ್ದರು. ಮನೆಗೆ ಬಂದ ಮೇಲೆ ಆ ಮಾತುಗಳನ್ನು ಒಂದು ವಾರ ನೆನೆಯುತ್ತಿದ್ದೆ.

ಸಮಿತಿಯ ಕೆಲಸ ಒಂದು ಕೋಷ್ಟಕ ತುಂಬುವುದು. ನೆಟ್ಟ ಸಸಿಗಳು, ಹಂಚಿದ ಹೊಲಿಗೆ ಯಂತ್ರಗಳು, ಕಟ್ಟಿಸಿದ ಶೌಚಾಲಯಗಳು. ಎಲ್ಲ ಸಾಲಿನಲ್ಲೂ ಕೊಟ್ಟದ್ದು ಇತ್ತು. ಕೊಟ್ಟ ಮೇಲೆ ಏನಾಯಿತು ಎಂಬುದು ಎಲ್ಲೂ ಇರಲಿಲ್ಲ. ಕಾರ್ಖಾನೆಯ ಕೊಳೆನೀರಿನ ಹೊಂಡದ ಆಚೆಗೆ ನಾಲ್ಕಾರು ತೋಟದ ಮನೆಗಳಿದ್ದವು. ಅಲ್ಲಿನ ಬಾವಿಯ ನೀರಿನ ಬಗ್ಗೆ ಒಂದು ಸಾಲು ಸೇರಿಸಿ ಎಂದು ಹಟ ಹಿಡಿದವಳು ನಾನೇ. ಸಾಲನ್ನು ಬರೆದವಳೂ ನಾನೇ: ‘ಸದಸ್ಯರು ಮನೆಗೆ ಹೋಗಿ ನೀರು ಕುಡಿದು ನೋಡಿದರು. ಸರಿ ಇದೆಯೇ? ಹೌದು ಅಥವಾ ಇಲ್ಲ.’

ವರ್ಷಕ್ಕೊಮ್ಮೆ ಮೊದಲೇ ತಿಳಿಸಿ ಹೋಗುತ್ತಿದ್ದೆವು. ಹೊಂಡಕ್ಕೆ ಹತ್ತಿರದ ಮನೆಯ ಯಜಮಾನಿ ನನಗಿಂತ ಹತ್ತು ವರ್ಷ ಚಿಕ್ಕವಳು, ಗಟ್ಟಿ ದನಿಯವಳು. ಹೊಸ್ತಿಲು ದಾಟುವ ಮೊದಲೇ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದು ಇಡುತ್ತಿದ್ದಳು. ನಾವು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿಯುತ್ತಿದ್ದೆವು. ನೀರು ತಣ್ಣಗೆ, ಸಿಹಿಯಾಗಿರುತ್ತಿತ್ತು. ನೀರು ಹೇಗಿದೆ ಎಂದು ಆಕೆಯನ್ನು ಕೇಳಿದರೆ ‘ಚಲೋ ಐತ್ರಿ’ ಎನ್ನುತ್ತಿದ್ದಳು. ಹೊರಗೆ ಬಂದು ನಾನು ಪೆನ್ನು ತೆಗೆದು ‘ಹೌದು’ ಎಂದು ಬರೆಯುತ್ತಿದ್ದೆ. ಹೀಗೆ ಮೂರು ವರ್ಷ.

ಮೂರನೆಯ ವರ್ಷ ಕನ್ನಡಕ ಅಲ್ಲೇ ಮರೆತು ಬಂದೆ. ನಾನು ವಸ್ತು ಮರೆಯುವವಳಲ್ಲ. ನಾಚಿಕೆಯಿಂದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ.

ಆಕೆ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ಕಂಡು ಪೊರಕೆಯನ್ನು ಬೆನ್ನ ಹಿಂದೆ ಮರೆಮಾಡಿ, ‘ಬರ್ರಿ ಅಕ್ಕಾರ, ಕುಂಡ್ರ್ರಿ’ ಎಂದವಳೇ ಒಳಗೆ ತಿರುಗಿ ಸೊಸೆಯನ್ನು ಕೂಗಿದಳು: ‘ಏ, ಗಾಡಿ ತಗೀ, ಕೊಡ ತುಂಬ್ಕೊಂಡ್ ಬಾ. ಲಗೂ!’

‘ಎಲ್ಲಿಗೆ ಕಳಸ್ತೀರಿ?’ ಎಂದೆ. ‘ಬಾವಿ ಇಲ್ಲೇ ಐತಲ್ಲ.’

ಆಕೆ ನನ್ನ ಮುಖ ನೋಡಿದಳು. ‘ಅಯ್ಯ, ಬಂದವ್ರಿಗೆ ಆ ನೀರು ಕೊಡ್ತಾರೇನ್ರಿ? ನಿಮಗ ಕೊಡಾದು ನಮ್ಮ ಅಣ್ಣನ ತ್ವಾಟದ ಬೋರಿನ ನೀರು. ಇಲ್ಲಿಂದ ಒಂದ್ ಹರದಾರಿ ದೂರ ಆಗ್ತೇತಿ.’

‘ಮತ್ತ ನೀವು?’

‘ನಾವೇನು ಬಂದವ್ರೇನ್ರಿ?’ ಎಂದು ನಕ್ಕಳು. ‘ದಿನಾ ಕೊಡ ಹೊರಾಕ ಯಾರದಾರ? ಕುಡ್ಯಾದೂ ಅದ, ಅಡಗಿಗೂ ಅದ.’

ಬಾವಿಯ ನೀರು ತರಲು ಹೇಳಿದೆ. ಆಕೆ ಒಪ್ಪಲಿಲ್ಲ. ನಾನೇ ಸೇದಿದೆ. ಕಷಾಯದ ಬಣ್ಣ, ಕಾರ್ಖಾನೆಯ ಕಾಕಂಬಿಯ ವಾಸನೆ. ಒಂದು ಗುಟುಕಿಗೆ ನಾಲಿಗೆ ಒರಟಾಯಿತು. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ನಿಂತವಳಿಗೆ ನಮೂನೆ ಎಲ್ಲಿಂದ ತೆಗೆದದ್ದು ಎಂದು ಕೇಳಬೇಕೆಂದು ಹೊಳೆದಿರಲಿಲ್ಲ.

‘ನಾವು ಕೇಳಿದಾಗ ಯಾಕ ಹೇಳಲಿಲ್ಲ?’

‘ನೀವು ಕೇಳಿದ್ದು ನೀರು ಹೆಂಗೈತಿ ಅಂತ. ನಿಮ್ಮ ಕೈಯಾಗಿದ್ದ ನೀರು ಚಲೋನ ಇತ್ತಲ್ರಿ. ಸಾಲಿ ಕಲಿಸಿದವ್ರು ನೀವು, ಇಷ್ಟೂ ಗೊತ್ತಾಗ್ಲಿಲ್ಲೇನು?’

ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇದನ್ನು ಹೇಳಿದರೆ ಆ ಮೇಜು ನನಗೆ ಉಳಿಯುವುದಿಲ್ಲ. ಹೇಳದಿದ್ದರೆ ಆ ಬಾವಿಯ ಮೇಲೆ ನನ್ನ ಅಕ್ಷರದಲ್ಲಿ ‘ಹೌದು’ ಎಂದೇ ಇರುತ್ತದೆ.

ಮುಂದಿನ ಮಂಡಳಿ ಸಭೆಯಲ್ಲಿ ಹೇಳಿದೆ. ಮೂರು ವರ್ಷದ ಉತ್ತರವನ್ನೂ ತಿದ್ದಬೇಕು, ಕಾರ್ಖಾನೆ ನೀರಿನ ಪರೀಕ್ಷೆ ಮಾಡಿಸುವ ಜಾಗಗಳ ಪಟ್ಟಿಗೆ ಆ ಬಾವಿಯನ್ನೂ ಸೇರಿಸಬೇಕು ಎಂದೆ.

ವ್ಯಾಪಾರಿ ನಕ್ಕರು. ‘ತಪ್ಪು ಅವರದ ಐತ್ರಿ. ಸಕ್ಕರಿ ಕಾರ್ಖಾನಿಯವ್ರಿಗೆ ಬೆಲ್ಲ ಕೊಡಬಾರದಿತ್ತು.’ ಉಳಿದವರೂ ನಕ್ಕರು. ನಾನೂ ಅರ್ಧ ನಕ್ಕೆ.

ಸಮಿತಿಯ ಅಧ್ಯಕ್ಷರು ಮಾತ್ರ ನಗಲಿಲ್ಲ. ‘ಮೇಡಂ, ಸಾಲು ಬರದವ್ರು ನೀವು, ಹೌದು ಅಂದವ್ರೂ ನೀವು. ಈಗ ಸುಳ್ಳು ಅಂದ್ರ ಯಾರ ಸುಳ್ಳು ಅಂತ ಬರೀಬೇಕ್ರಿ?’

‘ನಂದು ಅಂತ ಬರೀರಿ.’

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. ಕೊನೆಗೆ ಹಳೆಯ ವರದಿಗಳನ್ನು ತೆರೆಯುವುದು ಬೇಡವೆಂದೂ, ಬಾವಿಯನ್ನು ಪಟ್ಟಿಗೆ ಸೇರಿಸಬಹುದೆಂದೂ ತೀರ್ಮಾನವಾಯಿತು. ನನ್ನ ಸಾಲನ್ನು ಕೋಷ್ಟಕದಿಂದ ತೆಗೆದರು. ಊಟಕ್ಕೆ ಕೂತಾಗ ನನ್ನ ಎರಡೂ ಬದಿಯ ಕುರ್ಚಿಗಳು ಖಾಲಿ ಇದ್ದವು. ಇನ್ನೊಂದು ರೊಟ್ಟಿ ಬೇಕೇ ಎಂದು ಬಡಿಸುವವನು ಮಾತ್ರ ಕೇಳಿದ. ಆರು ತಿಂಗಳಿಗೆ ನನ್ನ ಅವಧಿ ಮುಗಿಯಿತು. ಮುಂದುವರಿಸಲಿಲ್ಲ. ಶಾಲು, ಹಾರ, ಒಂದು ಫೋಟೋ. ಆಮೇಲೆ ಫೋನು ಬರಲಿಲ್ಲ.

ಬಾವಿಯ ಪರೀಕ್ಷೆಯಲ್ಲಿ ಏನು ಬಂತೋ ನನಗೆ ಗೊತ್ತಿಲ್ಲ. ನನಗೆ ತಿಳಿಸುವ ಅಗತ್ಯ ಅವರಿಗಿಲ್ಲ. ಸೀಸೆ ಹಿಡಿದ ಒಬ್ಬರು ತಿಂಗಳಿಗೊಮ್ಮೆ ಬಂದು ನೀರು ಒಯ್ಯುತ್ತಾರೆ ಎಂದು ಮಾತ್ರ ಆ ಯಜಮಾನಿಯಿಂದ ತಿಳಿಯಿತು.

ಅವಧಿ ಮುಗಿದ ಮೇಲಿನ ಮೊದಲ ಸಭೆಯ ದಿನ ಐದಕ್ಕೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟೆ. ಬಾಗಿಲಿಗೆ ಬೀಗ ಹಾಕುವಾಗ ಇನ್ನು ನನಗೆ ಸಭೆಯಿಲ್ಲವೆಂದು ನೆನಪಾಯಿತು. ಮನೆಯಲ್ಲೇ ಕೂರಲು ಮನಸ್ಸಾಗಲಿಲ್ಲ. ಎರಡು ದೊಡ್ಡ ಬಾಟಲಿಯಲ್ಲಿ ಮನೆಯ ನೀರು ತುಂಬಿಕೊಂಡು ಆ ತೋಟದ ಮನೆಯ ಕಡೆಯ ಬಸ್ಸು ಹತ್ತಿದೆ.

ಆಕೆ ಬಾಟಲಿಗಳನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು. ‘ಇದೇನ್ರಿ ಅಕ್ಕಾರ, ನಮ್ಮ ಮನಿಗೆ ನೀವ ನೀರು ಹೊತ್ಕೊಂಡ್ ಬಂದ್ರಿ?’

‘ಸೊಸಿನ್ನ ಕಳಸೂದು ತಪ್ಪತೈತಿ’ ಎಂದೆ.

‘ಆತು ತಗೋರಿ. ನೀರು ನಿಮ್ದು, ಬೆಲ್ಲ ನಂದು’ ಎಂದು ಒಳಗೆ ಹೋದಳು. ಕಟ್ಟೆಯ ಮೇಲೆ ಕೂತು ಗಡಿಯಾರ ನೋಡಿಕೊಂಡೆ. ಹನ್ನೊಂದು. ಅಲ್ಲಿ ಸಭೆಯಲ್ಲಿ ಈಗ ಹಾಜರಿ ಬರೆದುಕೊಳ್ಳುತ್ತಿರಬಹುದು.